ಪಾರ್ಕಿಂಗ್ ತಕರಾರಾ? ವಾರ್ಡ್ ಸಭೆಗೆ ಹೋಗುವ ಬನ್ನಿ

ಶುಕ್ರವಾರ ಮಧ್ಯಾಹ್ನ ಆಯಿತೆಂದರೆ ನಮ್ಮ ಪಳ್ಳಿಗಳ ಎದುರಿನ ರಸ್ತೆಯ ಅವಸ್ಥೆ ಎಲ್ಲರಿಗೂ ಗೊತ್ತುಂಟು. ಎರಡೂ ಬದಿಯಲ್ಲಿ ಬೈಕ್, ಅದರ ಹೊರಗೆ ಕಾರು, ನಡುವೆ ಕಷ್ಟದಲ್ಲಿ ಒಂದು ರಿಕ್ಷಾ ಹೋಗುವಷ್ಟು ಜಾಗ. ಪಳ್ಳಿ ಅಂತಲ್ಲ, ಮದುವೆ ಹಾಲ್, ಶಾಲೆ, ಮೀನು ಮಾರ್ಕೆಟ್, ಜಾತ್ರೆ ಎಲ್ಲ ಕಡೆಯೂ ಇದೇ ಕಥೆ. ಮಂಗಳೂರಿನ ಬಂದರಿನ ಓಣಿಗಳು ಗಾಡಿ ಎಳೆಯುವ ಕಾಲದವು. ಇಂದು ಅಲ್ಲಿಯೇ ಲಾರಿ ಲೋಡ್ ಇಳಿಸಬೇಕು, ಗಿರಾಕಿಯೂ ಬೈಕ್ ನಿಲ್ಲಿಸಬೇಕು. ಊರ ಕಡೆ ಗಲ್ಫಿನ ದುಡಿಮೆಯಲ್ಲಿ ಮನೆ ಎದ್ದಿತು, ಮನೆಗೆ ಎರಡು ವಾಹನ ಬಂತು. ರಸ್ತೆ ಮಾತ್ರ ಅದೇ ಹಳೆಯ ಅಗಲದಲ್ಲಿ ಉಳಿಯಿತು.

ಇದನ್ನು ಸಣ್ಣ ವಿಷಯ ಎಂದು ಬಿಡುವ ಹಾಗಿಲ್ಲ. ರಾತ್ರಿ ಹಿರಿಯರೊಬ್ಬರಿಗೆ ಉಸಿರಾಟದ ತೊಂದರೆ ಆದರೆ ಆಂಬುಲೆನ್ಸ್ ಮನೆ ಬಾಗಿಲಿಗೆ ಬರಬೇಕು. ತಿರುವಿನಲ್ಲಿ ಒಂದು ಕಾರು ನಿಂತಿದ್ದರೆ ರೋಗಿಯನ್ನು ಕುರ್ಚಿಯಲ್ಲಿ ಹೊತ್ತು ಮುಖ್ಯರಸ್ತೆಗೆ ತರಬೇಕಾಗುತ್ತದೆ. ಇನ್ನೊಂದು ಭಯವೂ ಉಂಟು. ನಮ್ಮ ಜಿಲ್ಲೆಯಲ್ಲಿ ಗೇಟಿನ ಎದುರು ಬೈಕ್ ಇಟ್ಟ ಜಗಳ ಇಬ್ಬರ ಮಧ್ಯೆಯೇ ಮುಗಿಯುತ್ತದೆ ಎಂಬ ಧೈರ್ಯವಿಲ್ಲ. ಇಟ್ಟವನ ಹೆಸರೇನು, ಕೇಳಿದವನ ಹೆಸರೇನು ಎಂದು ಶುರುವಾದರೆ ಸಂಜೆಯೊಳಗೆ ಅದು ವಾಟ್ಸ್‌ಆ್ಯಪ್‌ನಲ್ಲಿ ಬೇರೆಯೇ ಸುದ್ದಿ ಆಗಿರುತ್ತದೆ.

ಹಾಗಾದರೆ ಹೇಳುವುದು ಎಲ್ಲಿ? ಅಂಗಡಿ ಜಗಲಿಯಲ್ಲಿ ಹೇಳಿದ್ದು ಅಲ್ಲಿಯೇ ಮುಗಿಯುತ್ತದೆ. ಸಭೆಯಲ್ಲಿ ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬರೆದು ಉಳಿಯುತ್ತದೆ. ಗ್ರಾಮ ಪಂಚಾಯತ್ ವ್ಯಾಪ್ತಿಯವರಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು, ಯಾರೂ ಕರೆಯಬೇಕಾಗಿಲ್ಲ. ನಗರದವರಿಗೆ 1976ರ ಮಹಾನಗರ ಪಾಲಿಕೆ ಕಾಯ್ದೆಯಲ್ಲಿ ವಾರ್ಡ್ ಸಮಿತಿಗೆ ಅವಕಾಶ ಉಂಟು.

‘ಪಾರ್ಕಿಂಗ್ ಪೊಲೀಸರ ಕೆಲಸ, ಪಂಚಾಯತ್ ಏನು ಮಾಡ್ತದೆ?’ ಎಂದು ಕೆಲವರು ಕೇಳ್ತಾರೆ. ದಂಡ ಹಾಕುವುದು ಪೊಲೀಸರು, ಸರಿ. ಆದರೆ ವಾಹನ ಎಲ್ಲಿ ನಿಲ್ಲಿಸಬಹುದು ಎಂದು ನಿಗದಿ ಮಾಡುವಾಗ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚನೆ ಮಾಡಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮು ಹೇಳುತ್ತದೆ. ಸ್ಥಳೀಯ ಸಂಸ್ಥೆಗೆ ನಮ್ಮ ಓಣಿಯ ಕಷ್ಟ ಗೊತ್ತಾಗುವುದು ನಾವು ಹೋಗಿ ಹೇಳಿದರೆ ಮಾತ್ರ. ಚರಂಡಿಗೆ ಚಪ್ಪಡಿ ಹಾಕಿ ರಸ್ತೆ ಅಗಲ ಮಾಡುವುದು, ಪಂಚಾಯತ್ ಜಾಗವನ್ನು ವಾಹನ ನಿಲ್ಲಿಸಲು ಬಿಡುವುದು, ಫಲಕ ಹಾಕುವುದು ಇವೆಲ್ಲ ಅಲ್ಲಿ ಕೇಳಬಹುದಾದ ವಿಷಯಗಳೇ.

ಹೋಗುವಾಗ ಬರೀ ಕೈಯಲ್ಲಿ ಹೋಗಬಾರದು. ‘ತುಂಬಾ ತೊಂದರೆ ಆಗ್ತಾ ಉಂಟು’ ಎಂದರೆ ಅಧ್ಯಕ್ಷರು ‘ನೋಡುವ’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಯಾವ ತಿರುವು, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಬರೆದು, ಎರಡು ಫೋಟೋ ಇಟ್ಟು, ಹತ್ತು ಮನೆಯವರ ಸಹಿ ಹಾಕಿಸಿ ಅರ್ಜಿ ಕೊಡಬೇಕು. ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿ ಇಟ್ಟುಕೊಳ್ಳಬೇಕು. ಆ ಹತ್ತು ಸಹಿಯಲ್ಲಿ ನೆರೆಯ ಹಿಂದೂ, ಕ್ರೈಸ್ತ ಮನೆಯವರದ್ದೂ ಇರಲಿ. ತೊಂದರೆ ಅವರಿಗೂ ಉಂಟು. ಅಂಗಡಿಯವರನ್ನು, ರಿಕ್ಷಾ ಪಾರ್ಕಿನವರನ್ನು ಮೊದಲೇ ಕಂಡು ಮಾತಾಡಿದರೆ ಸಭೆಯಲ್ಲಿ ಎದುರುಬದುರಾಗುವ ಪ್ರಸಂಗ ಬರುವುದಿಲ್ಲ.

ಹೆಂಗಸರು ಬರಬೇಕು. ಹಗಲು ಹೊತ್ತು ಓಣಿಯಲ್ಲಿ ಇರುವವರು ಅವರು. ಮದ್ರಸಕ್ಕೆ ಹೋಗುವ ಮಗು ನಿಂತ ವಾಹನಗಳ ಎಡೆಯಿಂದ ಹೇಗೆ ರಸ್ತೆ ದಾಟುತ್ತದೆ ಎಂದು ಉಮ್ಮನಿಗೆ ಗೊತ್ತು, ಗಲ್ಫಿನಲ್ಲಿರುವ ಬಾಪನಿಗೆ ಗೊತ್ತಿಲ್ಲ. ಹಾಜರಾದವರಲ್ಲಿ ಶೇ. 30ರಷ್ಟು ಮಹಿಳೆಯರು ಇರಬೇಕೆಂದು ಪಂಚಾಯತ್ ಕಾಯ್ದೆಯೂ ಹೇಳುತ್ತದೆ.

ಕೇಳುವಾಗ ನಮ್ಮ ಕಡೆಯದ್ದೂ ಸರಿ ಇರಬೇಕು. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಈಮಾನಿನ ಭಾಗ ಎಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಕಲ್ಲು, ಮುಳ್ಳು ಎಂದು ಮಕ್ಕಳು ಉತ್ತರ ಹೇಳ್ತಾರೆ. ಅಡ್ಡ ನಿಂತ ಬೈಕ್ ಕೂಡ ಅದೇ ಲೆಕ್ಕಕ್ಕೆ ಸೇರುತ್ತದೆ. ಜುಮಾದ ದಿನ ಎರಡು ಯುವಕರನ್ನು ಗೇಟಿನ ಹತ್ತಿರ ನಿಲ್ಲಿಸಿ ವಾಹನ ಒಂದು ಬದಿಯಲ್ಲೇ ಇಡಿಸುವುದು ಜಮಾಅತ್ ಕಮಿಟಿಗೆ ದೊಡ್ಡ ಭಾರವಲ್ಲ. ಮದುವೆಯ ಕಾಗದದಲ್ಲಿ ‘ವಾಹನ ಇಂಥ ಮೈದಾನದಲ್ಲಿ ನಿಲ್ಲಿಸಿ’ ಎಂದು ಒಂದು ಸಾಲು ಸೇರಿಸಬಹುದು. ಹತ್ತು ನಿಮಿಷ ನಡೆದು ಬರುವವರು ನಡೆದೇ ಬರಲಿ.

ಒಂದು ಸಭೆಯಲ್ಲಿ ಎಲ್ಲ ಸರಿಯಾಗುವುದಿಲ್ಲ. ಮುಂದಿನ ಸಭೆಯಲ್ಲಿ ‘ಕಳೆದ ಸಲದ ನಿರ್ಣಯ ಏನಾಯಿತು?’ ಎಂದು ಕೇಳಲು ಜನ ಇರಬೇಕು. ನಿಮ್ಮ ಪಂಚಾಯತ್ ಕಚೇರಿಯ ನೋಟಿಸ್ ಬೋರ್ಡ್ ಈ ವಾರವೇ ನೋಡಿ ಬನ್ನಿ. ಸಭೆಯ ದಿನಾಂಕ ಸಿಕ್ಕಿದರೆ ಮನೆಯವರಿಗೂ ಹೇಳಿ, ಪಕ್ಕದ ಮನೆಯವರಿಗೂ ಹೇಳಿ.