ಚಿತ್ರ ಮಸುಕಾದರೆ ತಪ್ಪು ಯಾರದು?

2010ರ ಸುಮಾರಿನಲ್ಲಿ, ವಿದ್ಯಾರ್ಥಿನಿಲಯದಲ್ಲಿದ್ದಾಗ, ನಾವೆಲ್ಲರೂ ಚಂದಾ ಕೂಡಿಸಿ ಒಂದು ಬ್ಲೂ-ರೇ ಯಂತ್ರವನ್ನು ಕೊಂಡು ತಂದೆವು. 40 ಅಂಗುಲದ ಹೊಸ ಟೆಲಿವಿಷನ್ನು ಅಲ್ಲಿ ಮೊದಲೇ ಇತ್ತು. ಆದರೆ ಪರದೆಯ ಮೇಲೆ ಮೂಡಿದ ಚಿತ್ರವು ಹಳೆಯ ಡಿವಿಡಿಯ ಚಿತ್ರಕ್ಕಿಂತ ಎಳ್ಳಷ್ಟೂ ಮೇಲೆನಿಸಲಿಲ್ಲ. ಅಂಗಡಿಯವನು ಮೋಸಮಾಡಿದನೆಂದು ಕೆಲವರು ಕೂಗಾಡಿದರು. ಮರುದಿನವೇ ಯಂತ್ರವನ್ನು ಹಿಂದಿರುಗಿಸುವುದೆಂದು ನಿಶ್ಚಯವೂ ಆಯಿತು. ಪಾಪ, ಅಂಗಡಿಯವನು ನಿರಪರಾಧಿ! ಅಭ್ಯಾಸಬಲದಿಂದ ನಾವೇ ಹಳದಿ ತುದಿಯ ತಂತಿಯನ್ನು ಸಿಕ್ಕಿಸಿದ್ದೆವು.

ಬ್ಲೂ-ರೇ ತಟ್ಟೆಯ ಪೂರ್ಣಮಟ್ಟದ ಚಿತ್ರದಲ್ಲಿ ಅಡ್ಡಲಾಗಿ 1920, ಮೇಲಿನಿಂದ ಕೆಳಕ್ಕೆ 1080, ಒಟ್ಟು 20,73,600 ಬಿಂದುಗಳಿರುತ್ತವೆ. ಹಳದಿ ತಂತಿಯಾದರೋ ಹಳೆಯ ಟೆಲಿವಿಷನ್ ಪದ್ಧತಿಗೆಂದು ಹುಟ್ಟಿದುದು. ನಮ್ಮ ದೇಶದಲ್ಲಿ ಬಳಕೆಗೆ ಬಂದ ಪಾಲ್ ಪದ್ಧತಿಯಲ್ಲಿ ಚಿತ್ರವನ್ನು ಹೊರುವ ಗೆರೆಗಳು 576 ಮಾತ್ರ. ಬಿಂದುಗಳ ಲೆಕ್ಕದಲ್ಲಿ 720×576, ಎಂದರೆ 4,14,720. ಆದುದರಿಂದ ಯಂತ್ರವು ಚಿತ್ರವನ್ನು ಐದರಲ್ಲೊಂದು ಪಾಲಿಗೆ ಕುಗ್ಗಿಸಿ ಕಳುಹಿಸುತ್ತದೆ; ಟೆಲಿವಿಷನ್ನು ಅದನ್ನು ಮತ್ತೆ ಹಿಗ್ಗಿಸುತ್ತದೆ. ಒಮ್ಮೆ ಕಳೆದುಹೋದ ವಿವರವು ಹಿಗ್ಗಿಸುವುದರಿಂದ ಮರಳಿ ಬರುವುದುಂಟೆ?

ಇನ್ನೊಂದು ತೊಡಕೂ ಉಂಟು. ಬೆಳಕಿನ ಸಂಕೇತವೂ ಬಣ್ಣದ ಸಂಕೇತವೂ ಈ ಒಂದೇ ತಂತಿಯಲ್ಲಿ ಬೆರೆತು ಹರಿಯುತ್ತವೆ. ಬಣ್ಣದ ಸಂಕೇತದ ಆವರ್ತಾಂಕವು ಸೆಕೆಂಡಿಗೆ ಸುಮಾರು 44.3 ಲಕ್ಷ. ಸೀರೆಯ ಸಣ್ಣ ಪಟ್ಟೆಗಳಿಂದ ಹುಟ್ಟುವ ಬೆಳಕಿನ ಸಂಕೇತವೂ ಇದೇ ಆವರ್ತಾಂಕದ ಬಳಿಗೆ ಬಂದರೆ, ಟೆಲಿವಿಷನ್ನು ಅದನ್ನು ಬಣ್ಣವೆಂದೇ ಭ್ರಮಿಸುತ್ತದೆ. ಬಿಳಿ-ಕಪ್ಪು ಪಟ್ಟೆಯ ಸೀರೆಯಲ್ಲಿ ಆಗ ಕಾಮನಬಿಲ್ಲು ಹರಿದಾಡುವುದು!

ಮರುದಿನ ಎಚ್‌ಡಿಎಂಐ ತಂತಿಯನ್ನು ತಂದು ಜೋಡಿಸಿದೆವು. ಇದರಲ್ಲಿ ಚಿತ್ರವು 0 ಮತ್ತು 1ಗಳ ರೂಪದಲ್ಲಿಯೇ ಸಾಗುತ್ತದೆ. ಸೆಕೆಂಡಿಗೆ 60 ಪೂರ್ಣ ಚಿತ್ರಗಳು, ಪ್ರತಿ ಬಿಂದುವಿಗೆ 24 ಅಂಕೆಗಳು ಎಂದರೆ, ಸುಮಾರು 300 ಕೋಟಿ ಅಂಕೆಗಳಾದವು. ಇಂಥ ತಂತಿ ಕೆಟ್ಟಿದ್ದರೆ ಚಿತ್ರವು ಮಸುಕಾಗುವುದಿಲ್ಲ. ಕಿಡಿಗಳಂತೆ ಚುಕ್ಕೆಗಳು ಹಾರುತ್ತವೆ, ಇಲ್ಲವೆ ಚಿತ್ರವೇ ಕಡಿದುಹೋಗುತ್ತದೆ. ಚಿನ್ನದ ಲೇಪದ ದುಬಾರಿ ತಂತಿಯಿಂದ ಬಣ್ಣ ಹೆಚ್ಚು ಸೊಗಸಾಗುವುದೆಂಬುದು ವ್ಯಾಪಾರದ ಮಾತೇ ಹೊರತು ಭೌತವಿಜ್ಞಾನದ ಮಾತಲ್ಲ.

ಮುಂದಿನ ಸಾಲಿನಲ್ಲಿದ್ದವರು ಹರ್ಷೋದ್ಗಾರ ಮಾಡಿದರು. 15 ಅಡಿ ಹಿಂದೆ ಗೋಡೆಗೊರಗಿ ಕುಳಿತವರು ಮಾತ್ರ, "ಏನೂ ವ್ಯತ್ಯಾಸ ಕಾಣದಲ್ಲಪ್ಪ!" ಎಂದರು. ಅವರನ್ನು ಅಂದು ಹಾಸ್ಯ ಮಾಡಿದೆವು. ಆದರೆ ಅವರ ಮಾತು ಸುಳ್ಳಾಗಿರಲಿಲ್ಲ. ಸಾಮಾನ್ಯವಾದ ಒಳ್ಳೆಯ ಕಣ್ಣು ಒಂದು ಡಿಗ್ರಿಯ 60ನೆಯ ಒಂದು ಪಾಲಿಗಿಂತ ಕಿರಿದಾದ ಕೋನದಲ್ಲಿರುವ ಎರಡು ಚುಕ್ಕೆಗಳನ್ನು ಬೇರ್ಪಡಿಸಿ ನೋಡಲಾರದು. 40 ಅಂಗುಲದ ಪರದೆಯಲ್ಲಿ ಒಂದು ಬಿಂದುವಿನ ಅಗಲ ಸುಮಾರು 0.46 ಮಿಲಿಮೀಟರು, ಅದು ಈ ಕೋನದಲ್ಲಿ ಕಾಣುವುದು 1.6 ಮೀಟರಿನಿಂದ. ಹಳೆಯ ಪದ್ಧತಿಯ 576 ಗೆರೆಗಳೇ 3 ಮೀಟರಿನಾಚೆ ಒಂದರೊಳಗೊಂದು ಕರಗಿಹೋಗುತ್ತವೆ. ಅಷ್ಟು ದೂರದಲ್ಲಿ ಕುಳಿತವರಿಗೆ ವಿವರದ ಮಟ್ಟಿಗೆ ಎರಡು ಚಿತ್ರಗಳೂ ಒಂದೇ.

ಆದುದರಿಂದ ಚಿತ್ರವನ್ನು ಪರೀಕ್ಷಿಸುವವರು ಮೊದಲು ಹತ್ತಿರ ಕುಳಿತುಕೊಳ್ಳಬೇಕು. ಅಂಗಡಿಯ ಝಗಝಗಿಸುವ ದೀಪಗಳಿಗೆಂದು ಏರಿಸಿಟ್ಟ ಹೊಳಪನ್ನು ಇಳಿಸಬೇಕು. 'ಶಾರ್ಪ್‌ನೆಸ್' ಎಂಬುದು ಹೊಸ ವಿವರವನ್ನೇನೂ ಕೊಡುವುದಿಲ್ಲ. ಹೆಚ್ಚಿಸಿದರೆ ಅಕ್ಷರಗಳ ಅಂಚಿಗೆ ಬಿಳಿಯ ಗೆರೆ ಕಟ್ಟುತ್ತದೆ. ಆ ಗೆರೆ ಮಾಯವಾಗುವವರೆಗೆ ಅದನ್ನೂ ತಗ್ಗಿಸಬೇಕು. ಅನಂತರ ರಾತ್ರಿಯ ದೃಶ್ಯವೊಂದನ್ನು ನಿಲ್ಲಿಸಿ, ಕರಿಯ ಕೋಟಿನ ಮಡಿಕೆಗಳು ಕಾಣುತ್ತವೆಯೇ ಎಂದು ನೋಡಬೇಕು. ಕೋಟೆಲ್ಲ ಮಸಿಯ ಮುದ್ದೆಯಂತಿದ್ದರೆ 'ಬ್ರೈಟ್‌ನೆಸ್' ಕಡಮೆಯಾಯಿತು. ಬೂದಿ ಬಳಿದಂತಿದ್ದರೆ ಹೆಚ್ಚಾಯಿತು.