ಎರಡನೆಯ ಗೀತಗುಚ್ಛ

ಕವಿಯ ಮೊದಲ ಸಂಕಲನಕ್ಕೆ ಅವನ ಅದುವರೆಗಿನ ಆಯುಷ್ಯವೆಲ್ಲ ಬಂಡವಾಳ. ಎರಡನೆಯದಕ್ಕೆ ಒದಗುವುದು ಆಮೇಲಿನ ಕೆಲವೇ ವರ್ಷಗಳು. ಅವೂ ಹೊಗಳಿಕೆಯ ಗದ್ದಲದಲ್ಲಿ ಕಳೆದವು. ಸಾಹಿತ್ಯಾಭ್ಯಾಸಿಗಳು ಬಲ್ಲ ಈ ಇಕ್ಕಟ್ಟು ಹಾಡುಗಾರರಿಗೂ ಉಂಟು. ರಘು ದೀಕ್ಷಿತರ ಎರಡನೆಯ ಗೀತಗುಚ್ಛವನ್ನು ನಿಮಿತ್ತವಾಗಿಟ್ಟುಕೊಂಡು ಅದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯವನ್ನೂ ಕಲಿತ ಈ ಗಾಯಕರು ‘ಅಂತರಾಗ್ನಿ’ ಎಂಬ ತಂಡ ಕಟ್ಟಿಕೊಂಡು 1990ರ ದಶಕದ ಕೊನೆಯಿಂದಲೇ ಹಾಡುತ್ತಿದ್ದರು. ಹಾಡುಗಳಿಗೆ ಕೊರತೆಯಿರಲಿಲ್ಲ, ಹೊರತರುವವರಿಗೆ ಕೊರತೆಯಿತ್ತು. ಕೊನೆಗೆ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಕೈಹಿಡಿದು, 2008ರಲ್ಲಿ ಮೊದಲ ಗುಚ್ಛ ಬಂತು. 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಕಾರ್ಯಕ್ರಮದಲ್ಲಿ ಹಾಡಿದ್ದೇ ತಡ, ಎರಡು ವರ್ಷದ ಹಿಂದಿನ ಆ ಗುಚ್ಛ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. ಮರುವರ್ಷ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯೂ ದೊರೆಯಿತು.

ಎರಡನೆಯ ಗುಚ್ಛ ‘ಜಗ್ ಚಂಗಾ’ ಬಂದದ್ದು 2013ರಲ್ಲಿ. ಹೆಸರು ಕನ್ನಡದ್ದಲ್ಲ, ಒಳಗೆ ಹಿಂದಿಯೂ ಉಂಟು. ಇದಕ್ಕೆ ಮುನಿಸಿಕೊಳ್ಳುವವರನ್ನು ಬಲ್ಲೆ. ನಾನು ಮುನಿಯಲಾರೆ, ಏಕೆಂದರೆ ಅದರಲ್ಲಿ ಶಿಶುನಾಳ ಷರೀಫರ ‘ಲೋಕದ ಕಾಳಜಿ’ ಇದೆ.

ಮೊದಲ ಗುಚ್ಛದಲ್ಲಿಯೂ ಷರೀಫರ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನಿಯ ಮಾಳಿಗಿ’ ಇದ್ದವು. ಗೆದ್ದ ಕುದುರೆಯನ್ನೇ ಮತ್ತೆ ಏರಿದರೆಂದು ಯಾರಾದರೂ ಅಂದಾರು. ಹಾಗೆನ್ನುವವರು ತತ್ತ್ವಪದದ ಜಾಯಮಾನವನ್ನು ಗಮನಿಸಬೇಕು. ಷರೀಫರು (1819–1889) ಹಾಡಿದ್ದು ಧ್ವನಿಮುದ್ರಣಕ್ಕಾಗಿ ಅಲ್ಲ. ಅವರ ಪದಗಳು ಬಾಯಿಂದ ಬಾಯಿಗೆ ದಾಟಿ ಬಂದವು. ನಮ್ಮ ಬಡವನಹಳ್ಳಿಯ ಭಜನೆಗಳಲ್ಲಿಯೂ ಒಂದೇ ಪದವನ್ನು ಇಬ್ಬರು ಒಂದೇ ಮಟ್ಟಿನಲ್ಲಿ ಹಾಡಿದ್ದನ್ನು ನಾನು ಕೇಳಿಲ್ಲ. ಪದ ನಿಲ್ಲುತ್ತದೆ, ಮಟ್ಟು ಹರಿಯುತ್ತದೆ. ಆದರೆ ಸಿ. ಅಶ್ವಥ್ ಅವರ ಕಂಠದಿಂದ, ವಿಶೇಷವಾಗಿ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದ ತರುವಾಯ, ಅವರ ಮಟ್ಟುಗಳೇ ಷರೀಫರವೆಂಬಷ್ಟು ನೆಲೆಯೂರಿದವು. ಅವನ್ನು ಸರಿಸಿ ಬೇರೆಯ ಧಾಟಿಗೆ ಕೈಹಾಕುವುದು ಅಳುಕಿನವರ ಕೆಲಸವಲ್ಲ.

‘ಮಾಳಿಗಿ’ಯ ಮಟ್ಟಿಗೆ ನನ್ನ ಮತ ಇಂದಿಗೂ ಅಶ್ವಥರಿಗೇ. ದೇಹವೆಂಬ ಮನೆ ಸೋರುವ ಅಳಲು ಗಿಟಾರಿನ ಭರಾಟೆಯಲ್ಲಿ ತೆಳುವಾಗುತ್ತದೆ. ‘ಲೋಕದ ಕಾಳಜಿ’ಯ ಸಂಗತಿ ಬೇರೆ. ಲೋಕದ ಹೊಣೆಯನ್ನೆಲ್ಲ ಹೊತ್ತಂತೆ ಬೀಗುವವನನ್ನು ಗೇಲಿಮಾಡುವ ಪದ ಅದು. ಕುಣಿತದ ಲಯ ಅದರ ಕುಹಕವನ್ನು ಹರಿತಗೊಳಿಸುತ್ತದೆ. ದೇಶವಿದೇಶಗಳ ನಿರೀಕ್ಷೆಯ ಮೂಟೆ ಹೊತ್ತು ಬಂದ ಗಾಯಕ, ಇಷ್ಟು ಪದಗಳಿರುವಾಗ, ಇದನ್ನೇ ಎತ್ತಿಕೊಂಡದ್ದರಲ್ಲಿ ತನ್ನನ್ನು ತಾನೇ ನಕ್ಕುಕೊಳ್ಳುವ ಜಾಣತನ ನನಗೆ ಕಾಣುತ್ತದೆ.

ಕಳೆದ ಶ್ರಾವಣದಲ್ಲಿ ನಮ್ಮೂರ ಭಜನೆಗೆ ಬಂದ ಹುಡುಗನೊಬ್ಬ ಈ ಪದವನ್ನು ದೀಕ್ಷಿತರ ಧಾಟಿಯಲ್ಲಿ ತೆಗೆದ. ತಾಳ ಹಾಕುತ್ತಿದ್ದ ಹಿರಿಯರು ಎರಡು ಸುತ್ತು ತಡವರಿಸಿ, ಮೂರನೆಯ ಸುತ್ತಿಗೆ ಹೊಂದಿಕೊಂಡರು.