ಮೂತ್ರದ ಅವಸರಕ್ಕೆ ಮಾತ್ರೆ, ಆನೆಗೊಂದಿಯ ಬಿಸಿಲು

ತಡೆಯಲಾಗದ ಮೂತ್ರದ ಅವಸರಕ್ಕೆ ವೈದ್ಯರು ಬರೆಯುವ ಆಕ್ಸಿಬ್ಯುಟಿನಿನ್, ಟಾಲ್ಟೆರೊಡಿನ್, ಸಾಲಿಫೆನಾಸಿನ್ ಮಾತ್ರೆಗಳು ಮೂತ್ರಕೋಶದ ಸ್ನಾಯುವನ್ನು ಸಡಿಲಿಸುತ್ತವೆ; ಜೊತೆಗೆ ಬೆವರನ್ನೂ ತಗ್ಗಿಸಬಹುದು. ಆನೆಗೊಂದಿಯಲ್ಲಿ ಇದೇ ದೊಡ್ಡ ಮಾತು. ಏಪ್ರಿಲ್ ಬಿಸಿಲಲ್ಲಿ ಗದ್ದೆಗಿಳಿದವರ, ಅಂಜನಾದ್ರಿಯ ಮೆಟ್ಟಿಲು ಹತ್ತುವವರ ಮೈ ತಣಿಯುವುದೇ ಬೆವರಿನಿಂದ. ಮೈ ಕಾದರೂ ಬೆವರದಿದ್ದರೆ, ತಲೆ ಸುತ್ತಿದರೆ ಕೂಡಲೇ ನೆರಳಿಗೆ ಬನ್ನಿ, ಮೈಗೆ ನೀರು ಹಾಕಿ, ಆಸ್ಪತ್ರೆಗೆ ಹೋಗಿ.

ನೀರು ಕುಡಿಯುವುದನ್ನೇ ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಶೌಚಾಲಯವಿಲ್ಲದ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳ ಈ ಕಷ್ಟ ಸುಳ್ಳಲ್ಲ. ಆದರೆ ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸಬಹುದು, ಮಲಬದ್ಧತೆಯೂ ಹೆಚ್ಚುತ್ತದೆ. ಈ ಮಾತ್ರೆಗಳು ಒಗ್ಗದಿದ್ದರೆ ಮಿರಾಬೆಗ್ರಾನ್ ಎಂಬ ಬೇರೆ ಔಷಧದ ಬಗ್ಗೆ ವೈದ್ಯರನ್ನು ಕೇಳಿ. ಅದು ಬಿಪಿ ಏರಿಸಬಹುದು, ತಪಾಸಣೆ ತಪ್ಪಿಸಬೇಡಿ. ಗಂಗಾವತಿಯಲ್ಲಿ ನೆಗಡಿ ಮಾತ್ರೆ ಕೊಳ್ಳುವಾಗಲೂ ಈ ಮಾತ್ರೆಗಳ ಚೀಟಿ ತೋರಿಸಿ: ನೆಗಡಿ ಮಾತ್ರೆಯಲ್ಲಿರಬಹುದಾದ ಕ್ಲೋರ್‌ಫೆನಿರಮೈನ್ ಜೊತೆಯಾದರೆ ವಯಸ್ಸಾದವರಿಗೆ ಮಂಕು ಕವಿಯಬಹುದು, ಮೂತ್ರ ಕಟ್ಟಬಹುದು.